ಎರಡು ಹಸುವಿನ ಅಗಲ

ಇಲ್ಲಿಯವರ ನುಡಿಯಲ್ಲಿ 'ಬೋ' ಎಂದರೆ ಹಸು.
ತುಟಿ ದುಂಡಗೆ ಮಾಡಿ ಉಸಿರು ಬಿಟ್ಟರೆ ಸಾಕು,
ಕರುವಿಗೂ ಬರುತ್ತದೆ.
'ಬೋಹರ್' ಎಂದರೆ ದಾರಿ.
ನಡುವೆ ಬರುವ ಆ 'ಹ'
ಏರು ಹತ್ತಿ ನಿಂತ ಹಸುವಿನ ಏದುಸಿರೇ ಇರಬೇಕು.

ಕಡಲ ಕಡೆಯಿಂದ ಉಪ್ಪುಗಾಳಿ.
ಕೌಂಟಿ ಕಚೇರಿಯ ಹುಡುಗ ಫಿಯಾಕ್ರಾ
ಈ ಕಲ್ಲುಗೋಡೆಯಿಂದ ಆ ಕಲ್ಲುಗೋಡೆಗೆ
ಟೇಪು ಎಳೆದು, ತಲೆಯಾಡಿಸಿದ:
"ಡಾಂಬರು ಹಾಕಲು ಅಗಲ ಸಾಲದು, ಅಜ್ಜಿ.
ಇದು ದಾರಿಯ ಲೆಕ್ಕಕ್ಕೇ ಬರುವುದಿಲ್ಲ."

ನೂಅಲಾ ಬಕೆಟ್ಟು ಕೆಳಗಿಟ್ಟಳು.
"ನಿನ್ನ ಟೇಪು ಹುಟ್ಟುವ ಮೊದಲೇ ಅಳತೆಯಿತ್ತು ಮಗನೇ.
ಒಂದು ಹಸು ಉದ್ದಕ್ಕೆ, ಒಂದು ಅಡ್ಡಕ್ಕೆ.
ಹಿಡಿಸಿದರೆ ಬೋಹರ್.
ಹಿಡಿಸದಿದ್ದರೆ ಬೋಹರೀನ್, ದಾರಿಯ ಮರಿ."

"ಹಿಡಿಸಿ ತೋರಿಸಿ ಮತ್ತೆ" ಅಂದ, ನಗುತ್ತ.

ಅಳತೆಗೆ ಎರಡು ಬೇಕು.
ಅವಳಲ್ಲಿ ಉಳಿದದ್ದು ಒಂದು,
ಕೊಂಬು ಮುರಿದ ಕಬರಿ.
ಇನ್ನೊಂದು ಗೋಡೆಯಾಚೆ, ಕೋಲ್ಮಾನನದು.
ಚರಂಡಿಯ ಜಗಳಕ್ಕೆ ಮಾತು ಬಿಟ್ಟು ಹನ್ನೊಂದು ವರ್ಷ.
ಇಗರ್ಜಿಯಲ್ಲೂ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ.

ಅವನ ಅರೆಬಾಗಿಲ ಮುಂದೆ ನಿಂತು
ಬಾಗಿಲಿಗೆ ಹೇಳಿದಂತೆ ಹೇಳಿದಳು:
"ಹಸು ಬೇಕಿತ್ತು. ಅಳೆಯುವುದಕ್ಕೆ."
ಅವನು ಯಾಕೆ ಎನ್ನಲಿಲ್ಲ. ಹಗ್ಗ ತಂದ.

ಕಬರಿ ಉದ್ದಕ್ಕೆ ನಿಂತಿತು, ಬೇಗ.
ಕೋಲ್ಮಾನನ ಕೆಂಪಿ ಅಡ್ಡ ನಿಲ್ಲಲು ಒಲ್ಲದು.
ಒಬ್ಬರು ಕೊರಳು ಹಿಡಿದರು, ಒಬ್ಬರು ಹಿಂದಿನಿಂದ ದೂಡಿದರು,
ಫಿಯಾಕ್ರಾನ ಹೊಸ ಬೂಟು ಸಗಣಿಯಲ್ಲಿ ಹೂತಿತು.
ಕಡೆಗೆ ನಿಂತಿತು.
ಬಾಲ ಈಚೆ ಗೋಡೆಯ ಹಾವಸೆಗೆ,
ಮೂತಿ ಕಬರಿಯ ಪಕ್ಕೆಗೆ.
ನೆಕ್ಕತೊಡಗಿತು.

ನನಗೆ ನನ್ನ ಮಾತುಗಳು ನೆನಪಾದವು:
ಗವಾಕ್ಷಿ ತೆರೆದು ಎಷ್ಟು ಸಲ ಹೊರಗೆ ನೋಡಿದ್ದೇನೆ,
ಹಸುವಿನ ಕಣ್ಣೊಳಗಿಂದ ಎಂದು ತಿಳಿಯದೆ.
ಗೋಷ್ಠಿಗಳಲ್ಲಿ ತೂಕಡಿಸಿದ್ದೇನೆ,
ಕೊಟ್ಟಿಗೆಯ ಕಡೆಯಿಂದ ಬಂದ ಮಾತೆಂದು
ಒಬ್ಬರೂ ಹೇಳಲಿಲ್ಲ; ಹೇಳಿದ್ದರೆ
ಮೆಲುಕಾದರೂ ಹಾಕುತ್ತಿದ್ದೆ.

ಹುಡುಗ ಕಾಗದದ ಮೇಲೆ ಬಾಗಿದ.
'ಅಗಲ, ಮೀಟರುಗಳಲ್ಲಿ' ಎಂಬ ಖಾನೆ.
ಮೀಟರುಗಳನ್ನು ಹೊಡೆದುಹಾಕಿ
'ಎರಡು ಹಸು' ಎಂದು ಬರೆದ.
ಕಚೇರಿಯಲ್ಲಿ ಒಪ್ಪುತ್ತಾರೋ ಇಲ್ಲವೋ.
ವ್ಯಾನು ಹತ್ತಿ ಚಾವಿ ತಿರುಗಿಸಿದ.

ಆಗಲೇ ಕೋಲ್ಮಾನ್ ಗಂಟಲು ಸರಿಮಾಡಿಕೊಂಡ:
"ಚರಂಡಿ ನೀರು ಈಗಲೂ ನನ್ನ ಅಂಗಳಕ್ಕೇ ಬರುತ್ತದೆ."
"ಬರಲಿ" ಅಂದಳು ನೂಅಲಾ,
"ಇಳಿಜಾರು ಮಾಡಿದವಳು ನಾನೇ?"
"ಮತ್ತೆ ನಾನೇ?"

ಹಾರ್ನ್ ಒಮ್ಮೆ ಕೂಗಿತು, ಮೆಲ್ಲಗೆ.
ಹಸುಗಳು ಕದಲಲಿಲ್ಲ.
ಹುಡುಗ ಇಂಜಿನ್ ಆರಿಸಿ
ಬೂಟು ಬಿಚ್ಚಿ
ಕಡ್ಡಿಯಿಂದ ಕೆರೆಯುತ್ತ ಕುಳಿತ.