ನಡುಹೊಳೆಯಲ್ಲಿ ಎರಡು ಕಡ್ಡಿ

ತದಡಿಯ ಧಕ್ಕೆಯಲ್ಲಿ ಹತ್ತಿದ,
ಕೈಯಲ್ಲಿ ಬಿಚ್ಚಿದ ಶೂ, ಎದೆಗವಚಿದ ಬ್ಯಾಗು,
ಇಪ್ಪತ್ತೈದಿರಬಹುದು ವಯಸ್ಸು.
ಮಧ್ಯಾಹ್ನದ ಇಳಿತ. ಬೇರೆ ಗಿರಾಕಿ ಇಲ್ಲ.
ಮೀನಿನ ಖಾಲಿ ಬುಟ್ಟಿ ಎರಡು, ಅವನು, ನಾನು.

ಕೂತವನೇ ಕೇಳಿದ:
ಅಘನಾಶಿನಿಯಲ್ಲಿ ಜಟ್ಟಿ ಬೀರಾ ಅಂಬಿಗ ಅಂತ, ಗೊತ್ತಾ?

ಗೊತ್ತು ಅಂದೆ. ಹುಟ್ಟು ಹಾಕಿದೆ.

ಹೇಗೆ ಮನುಷ್ಯ?

ಐವತ್ತೆಂಟು ವರ್ಷದಿಂದ ಜತೆಗಿದ್ದೇನೆ,
ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.
ಒಳ್ಳೆಯವ ಅನ್ನಲು ನಾಚಿಕೆ,
ಕೆಟ್ಟವ ಅನ್ನಲು ಮನಸ್ಸು ಬರಲಿಲ್ಲ.
ಹುಟ್ಟು ಹಾಕ್ತಾನೆ ಅಂದೆ. ಬೆಳಗ್ಗೆ ಗಂಜಿ ಉಣ್ತಾನೆ.

ದುಡ್ಡು ಕೊಡದೆ ತಪ್ಪಿಸಿಕೊಂಡು ತಿರುಗ್ತಾನಂತೆ,
ನಾಲ್ಕು ಸಾವಿರದ ಮುನ್ನೂರ ಹನ್ನೆರಡು.

ಈ ಹನ್ನೆರಡು ನನಗೂ ಹೊಸದು.
ಹೋದ ತಿಂಗಳು ಫೋನಿನ ಹುಡುಗಿ ಹೇಳಿದ್ದು
ಮೂರು ಸಾವಿರದ ಒಂಬೈನೂರು.
ನಾನು ಮಲಗಿದ್ದಾಗಲೂ ಮರಿ ಹಾಕುವ ಲೆಕ್ಕ.

ಆ ಸಿಮ್ಮಿನ ಕತೆ ಅವನಿಗೆ ಹೇಳಲಿಲ್ಲ.
ಕುಮಟೆಯ ಬಸ್‌ಸ್ಟ್ಯಾಂಡಿನೆದುರಿನ ಅಂಗಡಿಯವ
ಬೇಡವಾದರೆ ಯಾವಾಗ ಬೇಕಾದರೂ ಬಿಡಿ ಅಂಬಿಗರೇ, ಅಂದು
ಒಂಬತ್ತು ಕಡೆ ರುಜು ಹಾಕಿಸಿದ್ದ.
ಜಗಲಿಯಲ್ಲಿ ಸಿಗ್ನಲ್ಲಿಲ್ಲ, ಬಾವಿಕಟ್ಟೆಯಲ್ಲಿಲ್ಲ,
ತೆಂಗಿನ ಮರ ಹತ್ತಿದ ಅಳಿಯನಿಗೂ ಸಿಗಲಿಲ್ಲ.
ನಡುಹೊಳೆಗೆ ಬಂದರೆ ಮಾತ್ರ ಎರಡು ಕಡ್ಡಿ,
ಅದೂ ಎರಡೂ ಕೈ ಹುಟ್ಟಿನ ಮೇಲಿದ್ದಾಗ.
ಎರಡನೇ ತಿಂಗಳೇ ಹೋಗಿ ಬಂದ್ ಮಾಡು ಅಂದೆ.
ಬರೆದುಕೊಡಿ ಅಂದ. ಬರೆದುಕೊಟ್ಟೆ. ಸೀಲು ಒತ್ತಿದ.
ಆ ನಂಬರು ಸತ್ತು ವರ್ಷಾಂತಿಕವೂ ಕಳೆಯಿತು.
ಬಿಲ್ಲು ಮಾತ್ರ ಬದುಕಿದೆ, ಮೈ ಕೈ ತುಂಬಿಕೊಂಡಿದೆ.

ಮಗಳು ಹೊಸ ನಂಬರು ಹಾಕಿಸಿಕೊಟ್ಟಳು,
ಅದನ್ನೂ ಎಲ್ಲಿಂದಲೋ ಹಿಡಿದರು.
ಹಿಂದಿಯಲ್ಲಿ ಒಬ್ಬ ಬಯ್ದ. ಅರ್ಧ ಅರ್ಥವಾಗಲಿಲ್ಲ,
ಆದ ಅರ್ಧವೇ ಎರಡು ರಾತ್ರಿಗೆ ಸಾಕಾಯಿತು.

ಒಂದ್ಸಲ ಮಾಡಿ ನೋಡ್ತೇನೆ, ಮನೇಲಿದ್ದಾನಾ ಅಂತ,
ಅನ್ನುತ್ತ ಹುಡುಗ ಫೋನು ತೆಗೆದ.
ಬೇಡ ಅನ್ನಬಹುದಿತ್ತು.
ದೋಣಿ ಆಗಲೇ ನಡುಹೊಳೆಯಲ್ಲಿತ್ತು.

ನನ್ನ ಅಂಗಿಯ ಜೇಬಿನಲ್ಲಿ,
ಉಪ್ಪಿನ ಕೊಟ್ಟೆಯೊಳಗೆ ಸುತ್ತಿಟ್ಟದ್ದು
ಬಲೆಗೆ ಬಿದ್ದ ನೊಗಲಿಯ ಹಾಗೆ ಬಡಿದುಕೊಂಡಿತು.

ಅವನು ನನ್ನ ಜೇಬು ನೋಡಿದ.
ಆಮೇಲೆ ನೀರು ನೋಡಿದ.
ಈಜು ಬರ್ತದಾ, ಕೇಳಿದೆ.
ಹತ್ತಿದ ಎಲ್ಲರನ್ನೂ ಕೇಳುವುದೇ ಅದು,
ಇವನನ್ನು ಕೇಳಲು ಮರೆತಿದ್ದೆ.
ಪಾಪ, ಬಾಯಿ ಒಣಗಿಹೋಯಿತು ಅವನದು.

ಹೌದು ತಮಾ, ನಾನೇ.

ಕೊಟ್ಟೆಯಿಂದ ಚೀಟಿಯನ್ನೂ ತೆಗೆದೆ.
ಸೀಲಿನ ಶಾಯಿ ನೀರು ಕುಡಿದು ನೀಲಿ ಕಲೆಯಾಗಿದೆ,
ತಾರೀಖು ಉಳಿದಿದೆ, ಮತ್ತೆ 'ಬಂದ್' ಅನ್ನುವ ಮಾತು.
ಫೋಟೋ ಹೊಡೆದ. ಕೈ ನಡುಗಿತು, ಇನ್ನೊಮ್ಮೆ ಹೊಡೆದ.
ನಾನು ಬರೀ ಹೋಗಿ ನೋಡಿ ಬರುವವ ಅಜ್ಜಾ,
ಒಂದು ಮನೆಗೆ ಎಂಬತ್ತು ರೂಪಾಯಿ.
ಮನೆಗೆ ಬೀಗ ಅಂತ ಹಾಕಿಬಿಡ್ತೇನೆ.

ಬೀಗ ಅಂತ ಹಾಕಬೇಡ.
ನಮ್ಮ ಬಾಗಿಲಿಗೆ ಚಿಲಕವೇ ಸರಿ ಇಲ್ಲ.
ಸಿಕ್ಕಿದ, ಮಾತಾಡಿದ,
ಕೊಡಬೇಕಾದ್ದಲ್ಲ, ಅದಕ್ಕೇ ಕೊಡೂದಿಲ್ಲ ಅಂದ,
ಹಾಗೆ ಬರಿ.

ಅಷ್ಟು ಬರೆಯಲು ಜಾಗ ಇಲ್ಲ, ಅಂತ ಪರದೆ ತೋರಿಸಿದ.
ಮೂರು ಚೌಕ. ಒಂದನ್ನು ಒತ್ತಬೇಕು.
ಕೊಟ್ಟ. ಬೀಗ. ಸತ್ತ.

ಇಬ್ಬರೂ ನೋಡುತ್ತ ಕೂತೆವು.
ಇಳಿತ ಅಳಿವೆಯ ಕಡೆ ಎಳೆಯುತ್ತಿತ್ತು,
ನಾನು ದೋಣಿಯ ಮೂತಿ ತಿರುಗಿಸಬೇಕಾಯಿತು,
ಏನು ಒತ್ತಿದನೋ ನೋಡಲಿಲ್ಲ.

ಅಘನಾಶಿನಿಯಲ್ಲಿ ಇಳಿಯಲೂ ಇಲ್ಲ.
ವಾಪಸು ಬಿಡಿ ಅಂದ, ಬಿಟ್ಟೆ.
ಹೋಗಿ ಬರುವುದಕ್ಕೆ ಇಪ್ಪತ್ತು.
ಅವನ ಹತ್ತಿರ ನೋಟಿಲ್ಲ, ಎಲ್ಲ ಫೋನಿನಲ್ಲೇ,
ನನ್ನದು ಗುಂಡಿ ಒತ್ತುವ ಫೋನು.
ಮುಂದಿನ ಸಲ ಖಂಡಿತ, ಅಂದ,
ಶೂ ಹಾಕಿಕೊಳ್ಳುತ್ತ, ಮುಖ ನೋಡದೆ.

ಅವನ ನಂಬರು ಇದರಲ್ಲೇ ಇದೆ,
ಆಮೇಲೆ ಬಂದ ಹನ್ನೊಂದು ಕರೆಗಳ ಕೆಳಗೆ.
ನಾನಿನ್ನೂ ಮಾಡಿಲ್ಲ.