ಇತರೆ

ಇಳಿತದ ಹೊತ್ತು. ಶಿಬ್ಸಾ ನದಿ ತನ್ನ ಕೆಸರನ್ನೆಲ್ಲ
ಬಿಸಿಲಿಗೆ ಹರವಿಕೊಂಡು ಬಿದ್ದಿತ್ತು.
ಒಂಟಿ ಬಿದಿರಿನ ಸಂಕ ದಾಟುವಾಗ ಮೊಮೇನಾ
ಫೋನಿನ ಚೀಲವನ್ನು ಹಲ್ಲಲ್ಲಿ ಕಚ್ಚಿಕೊಂಡಳು,
ಎರಡೂ ಕೈ ಬೇಕಲ್ಲ.

ಪುತುಲ್ ಗಾಯೆನಳಿಗೆ ಏಳು ತಿಂಗಳು.
ಪಾದ ಊದಿದೆ; ಬೆರಳು ಒತ್ತಿದ ಗುಳಿ
ಮೇಲೇಳುವುದನ್ನೇ ಮರೆತಿದೆ.
ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ
ಪುಟ್ಟ ಯಂತ್ರ ಬುಸುಗುಟ್ಟಿ, ಬಿಗಿದು, ನಿಟ್ಟುಸಿರಿಟ್ಟು ಹೇಳಿತು:
ನೂರ ಐವತ್ತೆರಡು, ತೊಂಬತ್ತೆಂಟು.
ಫೋನಿನೊಳಗೆ ಒಂದು ಹಳದಿ ಚುಕ್ಕೆ ಕೆಂಪಾಯಿತು.

ಆಮೇಲೆ ನೀರು.
ಕೊಡಕ್ಕೆ ಮೀಟರಿನ ಕಡ್ಡಿ ಅದ್ದುವ ಮೊದಲೇ
ಅತ್ತೆ ಬೊಗಸೆಯಲ್ಲಿ ಮೊಗೆದು, ಮುಕ್ಕಳಿಸಿ, ಉಗಿದಳು:
"ಹೋದ ಚೈತ್ರಕ್ಕಿಂತ ಒಂದು ಚಿಟಿಕೆ ಜಾಸ್ತಿ."
ಕಡ್ಡಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು, ಅಂಕಿಯಲ್ಲಿ.
ನಾಲಿಗೆಗೆ ಅಲ್ಲಿ ಕಾಲಂ ಇಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ನನ್ನ ಭಾಷೆಯ ಈ ಗಾದೆಯನ್ನು
ಇವಳೆದುರು ಯಾವ ಬಾಯಲ್ಲಿ ಹೇಳಲಿ?
ಉಪ್ಪು ತಿಂದವರು ಎಲ್ಲೋ ಇದ್ದಾರೆ.
ಇವಳು ಬರೀ ನೀರು ಕುಡಿದಳು.

"ಊಟದಲ್ಲಿ ಉಪ್ಪು ಹಾಕಿಕೊಳ್ಳುತ್ತೀಯಾ?"
ಕಡ್ಡಾಯ ಪ್ರಶ್ನೆ, ಪಕ್ಕದಲ್ಲಿ ಕೆಂಪು ನಕ್ಷತ್ರ.
ಪುತುಲ್ ನಕ್ಕಳು: "ಹಾಕುವುದೇನು ದೀದಿ,
ಅಕ್ಕಿ ಬೇಯುವಷ್ಟರಲ್ಲಿ ಅದೇ ಬಂದು ಕೂತಿರುತ್ತೆ."
ಹೌದು, ಇಲ್ಲ. ಇರುವುದು ಎರಡೇ ಗುಂಡಿ.
ಮೊಮೇನಾ ಸ್ವಲ್ಪ ಹೊತ್ತು ಬೆರಳು ಎತ್ತಿ ಹಿಡಿದು
'ಇಲ್ಲ' ಒತ್ತಿದಳು.

ಸಿಗ್ನಲ್ ಸಿಗುವುದು ಕಟ್ಟೆಯ ಮೇಲೆ,
ಚಂಡಮಾರುತ ಒಡೆದ ಕಡೆ ಮತ್ತೆ ಮಣ್ಣು ಪೇರಿಸಿದ್ದಾರಲ್ಲ, ಅಲ್ಲಿ ಮಾತ್ರ.
ಹತ್ತೊಂಬತ್ತು ಮನೆ. ಚಕ್ರ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು.
ದೂರದ ಯಾವುದೋ ತಣ್ಣನೆಯ ಕೋಣೆಯ ಗೋಡೆಯಲ್ಲಿ
ಈ ಊರು ದಡಾರ ಎದ್ದ ಮಗುವಿನ ಬೆನ್ನಿನಂತೆ
ಕಾಣಿಸಿಕೊಳ್ಳುತ್ತಿರಬೇಕು.

ಕಾಯುತ್ತ ಕೂತವಳು, ಸುಮ್ಮನೆ,
ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡಳು.
ಅಂಕಿ ನೋಡಿ ಯಂತ್ರ ಆರಿಸಿದಳು. ಮತ್ತೆ ಹಚ್ಚಿದಳು.
ಅದೇ.
ತನ್ನ ಹೆಸರು ತುಂಬಿದರೆ ಫೋನು ಒಪ್ಪಲಿಲ್ಲ:
ಕಾರ್ಯಕರ್ತೆಯ ಹೆಸರು ಈ ಪಟ್ಟಿಯಲ್ಲಿ ಬರುವಂತಿಲ್ಲ.

ಎಲ್ಲದರ ಕೆಳಗೆ 'ಇತರೆ' ಎಂಬ ಒಂದು ಚೌಕ.
ನಲವತ್ತು ಅಕ್ಷರ ಹಿಡಿಯುತ್ತದೆ.
ಹೆಬ್ಬೆರಳಲ್ಲಿ ಬರೆದಳು:
ಬರೆಯುವವಳೂ ಇದೇ ನೀರು ಕುಡಿಯುತ್ತಾಳೆ.

ಇನ್ನಷ್ಟು ಅಕ್ಷರಕ್ಕೆ ಜಾಗವಿತ್ತು.
ಉಬ್ಬರ ಏರತೊಡಗಿತ್ತು;
ಸಂಕ ಮುಳುಗುವ ಮೊದಲು
ಇನ್ನೂ ನಾಲ್ಕು ಮನೆ.