ಮೂವತ್ತೆಂಟನೇ ನಂಬರು

ಗೋಲು ಹೊಡೆಯುವವರ ಅಂಗಿಗೆ ಗೆಳೆಯರ ಕೈಗುರುತು,
ಬೆನ್ನ ತುಂಬ.
ಡಿಫೆಂಡರನ ಅಂಗಿಗೆ ಎದುರಾಳಿಯ ಉಗುರು.
ಇಪ್ಪತ್ತಾರು ವರ್ಷ ಒಗೆದವಳು ನಾನು, ಅಂಗಿ ಸುಳ್ಳು ಹೇಳುವುದಿಲ್ಲ.
ಮೆಲ್ಬರ್ನಿನ ಪಶ್ಚಿಮಕ್ಕೆ, ಸ್ಟ್ಯಾಂಡಿನ ಹೊಟ್ಟೆಯೊಳಗೆ
ಕಿಟಕಿಯಿಲ್ಲದ ಕೋಣೆ, ಮೂರು ಮಷೀನು, ಒಂದು ರೇಡಿಯೋ.

ಜೋರಿ ಟ್ರೆಂಬಾತ್ ಬಂದ ವಾರ
ಎರಡನೇ ಮಷೀನು ಕಟಕಟ ಅಂದಿತು.
ನಿಲ್ಲಿಸಿ ತಡಕಿದರೆ ಟ್ರ್ಯಾಕ್‌ಸೂಟಿನ ಜೇಬಲ್ಲಿ ಜಲ್ಲಿಕಲ್ಲು,
ಬಟಾಣಿಯಷ್ಟು.
"ನಮ್ಮೂರ ಮೈದಾನದಲ್ಲಿ ಹುಲ್ಲಿಲ್ಲ, ಮಿಸೆಸ್ ವೆಲ್ಲಾ.
ಕ್ವೀನ್ಸ್‌ಟೌನ್. ಟಾಸ್ಮೇನಿಯಾ. ಬರೀ ಜಲ್ಲಿ."
ಬಿದ್ದರೆ?
"ಬೀಳಬಾರದು."

ಕಲ್ಲನ್ನು ಸೋಪಿನ ಡಬ್ಬದ ಪಕ್ಕ ಇಟ್ಟೆ. ಇನ್ನೂ ಇದೆ.

ಹದಿನೆಂಟು ವರ್ಷ. ಮೊಣಕಾಲಲ್ಲಿ ಚರ್ಮಕ್ಕಿಂತ ಕಲೆಯೇ ಹೆಚ್ಚು.
ಡ್ರಾಫ್ಟಿನಲ್ಲಿ ಐವತ್ತನಾಲ್ಕನೆಯವನು, ಅಂದರೆ
ಐವತ್ತಮೂರು ಸಲ ಬೇರೆಯವರ ಹೆಸರು ಕೇಳುತ್ತ ಕೂತವನು.
ಉದ್ದ ತೋಳಿನ ಅಂಗಿಯೇ ಬೇಕೆಂದ.
ಚಳಿಗಲ್ಲ, ಅಭ್ಯಾಸಕ್ಕೆ.

ಮೊದಲ ವರ್ಷವೆಲ್ಲ ರಿಸರ್ವ್ಸ್:
ವಿಲಿಯಮ್ಸ್‌ಟೌನಿನ ಕಡಲಗಾಳಿ, ಇನ್ನೂರು ಜನ, ಆರು ನಾಯಿ.
ದೊಡ್ಡ ತಂಡಕ್ಕೆ ಅವನು ಬರೀ ಎಮರ್ಜೆನ್ಸಿ.
ಯಾರಾದರೂ ಕಾಲು ಮುರಿದುಕೊಂಡರೆ ಇರಲಿ ಎಂದು
ಇಸ್ತ್ರಿಯಾದ ಅಂಗಿ ಅಡಿಲೇಡಿಗೆ ಹೋಗಿ ಬಂತು,
ಪರ್ತ್‌ಗೆ ಹೋಗಿ ಬಂತು,
ಮಡಿಕೆ ಬಿಚ್ಚದೆ.
ಬೆವರನ್ನೇ ಕಾಣದ ಆ ಅಂಗಿಯನ್ನೂ ನಾನು ಒಗೆದೆ.
ಯಾಕೆ ಅಂತ ಕೇಳಬೇಡಿ.

ಎರಡನೇ ವರ್ಷ, ಹದಿನಾಲ್ಕನೇ ಸುತ್ತು. ಯಾರದೋ ತೊಡೆ ಹಿಡಿದುಕೊಂಡಿತು.
ಟ್ರೆಂಬಾತ್ ಎನ್ನಲು ರೇಡಿಯೋದವನಿಗೆ ನಾಲಿಗೆ ಹೊರಳಲಿಲ್ಲ,
ಐದು ಸಲ ತಪ್ಪಾಗಿ ಹೇಳಿದ,
ಅವನು ಕಾಯಬೇಕಿದ್ದವನು ಹೊಡೆದ ಒಂದೊಂದು ಗೋಲಿಗೆ ಒಂದೊಂದು ಸಲ.
ಅಂಗಿ ಬಂತು. ಉಗುರಿನ ಗೀರೂ ಇಲ್ಲ.
ಬೆನ್ನಟ್ಟಿದವನ ಅಂಗಿ ಅದು, ತಲುಪಿದವನದಲ್ಲ.
ಮುಂದಿನ ವಾರ ಮತ್ತೆ ಕಡಲಗಾಳಿ.

ಆ ಚಳಿಗಾಲ ಅವನ ತಾತ ಬಂದಿದ್ದರು,
ತಾಮ್ರದ ಗಣಿಯ ಮುದುಕ. ನನ್ನ ಸ್ಟೂಲಿನ ಮೇಲೆ ಕೂತು
ಮಷೀನು ತಿರುಗುವುದನ್ನು ಟಿವಿಯಂತೆ ನೋಡಿದರು.
"ನಲವತ್ತು ವರ್ಷ ಸುರಂಗಕ್ಕೆ ಮರದ ಆಸರೆ ಕೊಟ್ಟೆ.
ಬೀಳದ ಚಾವಣಿಯ ಲೆಕ್ಕ ಯಾರೂ ಇಡಲಿಲ್ಲ.
ಬಿದ್ದದ್ದು ಒಂದೇ. ಅದಕ್ಕೆ ನನ್ನ ಹೆಸರಿದೆ."
ಚಹಾ ಕೊಟ್ಟೆ. ಮೂರು ಚಮಚ ಸಕ್ಕರೆ ಹಾಕಿಕೊಂಡರು.

ಮೂರನೇ ವರ್ಷ ಹುಡುಗ ಮುಷ್ಟಿ ಕಲಿತ.
ಚೆಂಡು ಕಣ್ಣೆದುರೇ ಇಳಿಯುವಾಗ
ಹಿಡಿಯುವ ಆಸೆ ಬಿಡುವುದೇ ಕಷ್ಟವಂತೆ.
ಹಿಡಿಯಬೇಡ, ಗುದ್ದು.
ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ನೋಡಿಕೋ,
ಅದೂ ಇನ್ನೊಬ್ಬನ ಕೈ, ಇನ್ನೊಬ್ಬನ ಬಾಯಿ.
ಅಷ್ಟೇ ಕಸುಬು.
ಅಂಗಿಯ ತುಂಬ ಉಗುರು ಬರತೊಡಗಿತು, ಎಳೆ ಎಳೆ ಕಿತ್ತು.
ಬೈದೆ. ನಕ್ಕ.

ಆಗಸ್ಟಿನ ಒಂದು ಶನಿವಾರ. ಎರಡು ಪಾಯಿಂಟಿನ ಮುನ್ನಡೆ, ಹನ್ನೊಂದು ಸೆಕೆಂಡು.
ಗೋಲಿನ ಬಾಯಲ್ಲಿ ಪುಟಿಯುತ್ತಿದೆ ಆ ಮೊಟ್ಟೆಯಂಥ ಚೆಂಡು,
ಎತ್ತ ನೆಗೆಯುವುದೋ ಅದಕ್ಕೇ ಗೊತ್ತಿಲ್ಲ.
ಮೈಮೇಲೆ ಇಬ್ಬರು.
ಜೋರಿ ಅದನ್ನು ತಾನು ಕಾಯುವ ಗೆರೆಯಾಚೆಗೇ ಗುದ್ದಿ ದಾಟಿಸಿದ.
ಒಂದು ಕೊಟ್ಟ, ಆರು ಉಳಿಸಿದ.
ಗೋಲ್ ಅಂಪೈರ್ ಒಂದು ಬೆರಳೆತ್ತಿ ಒಂದೇ ಬಾವುಟ ಬೀಸಿದ,
ಎದುರಾಳಿಯ ಖಾತೆಗೆ.
ಆಮೇಲೆ ಸೈರನ್.

ರಾತ್ರಿಯಿಡೀ ರೇಡಿಯೋ
ನಾಲ್ಕು ಗೋಲು ಹೊಡೆದ ನಮ್ಮವನ ಮಾತೇ ಆಡಿತು.
ಮೂವತ್ತೆಂಟನೇ ನಂಬರು ಬುಟ್ಟಿಯ ತಳದಲ್ಲಿತ್ತು,
ಬಲಗಂಕುಳ ಹೊಲಿಗೆ ಒಂದು ಗೇಣು ಬಿಟ್ಟು.
ನೀಲಿ ನೂಲು ಮುಗಿದಿತ್ತು, ಕಪ್ಪಿನಲ್ಲೇ ಹೊಲಿದೆ.
ಕೈ ಎತ್ತಿದಾಗ ಮಾತ್ರ ಕಾಣುತ್ತದೆ.